ಪಿಎಚ್‌ಪಿ ಅರೇಯಿಂದ ಬೇಕಾದ ಕೀಗಳನ್ನಷ್ಟೇ ತೆಗೆಯುವುದು ಹೇಗೆ? ಒಂದು ಹೋಮ್‌ಸ್ಟೇ ಬುಕಿಂಗ್ ಇಟ್ಟುಕೊಂಡು ಪೂರ್ತಿ ಮಾರ್ಗದರ್ಶಿ

ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇಗೆ ಬುಕಿಂಗ್ ನೋಡಿಕೊಳ್ಳುವ ಸಣ್ಣ ವೆಬ್‌ಸೈಟನ್ನು ಪಿಎಚ್‌ಪಿ ಭಾಷೆಯಲ್ಲಿ ಮಾಡಿಕೊಟ್ಟಿದ್ದೆ. ಅಡುಗೆಮನೆಯಲ್ಲಿ ಒಂದು ಟ್ಯಾಬ್ ಇಟ್ಟಿದ್ದರು. ಯಾವ ಕೋಣೆಗೆ ಎಷ್ಟು ಜನ, ವೆಜ್ಜೋ ನಾನ್‌ವೆಜ್ಜೋ, ಎಷ್ಟು ಹೊತ್ತಿಗೆ ಬರುತ್ತಾರೆ. ಅಕ್ಕಿ ರೊಟ್ಟಿ ತಟ್ಟುವವರಿಗೆ ಇಷ್ಟು ಗೊತ್ತಾದರೆ ಸಾಕು. ಪರದೆಯಲ್ಲೂ ಇಷ್ಟೇ ಕಾಣುತ್ತಿತ್ತು.

ಒಂದು ಮಳೆಗಾಲದ ದಿನ, ಉಳಿದುಕೊಳ್ಳಲು ಬಂದಿದ್ದ ಹುಡುಗನೊಬ್ಬ ಅಲ್ಲಿನ ವೈಫೈನಲ್ಲಿ ಅದೇ ಪುಟ ತೆರೆದ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ನೋಡಿದ. ಸರ್ವರ್ ಕಳಿಸಿದ ಡೇಟಾ ಎಲ್ಲ ಅಲ್ಲಿ ಕಾಣುತ್ತದೆ. ಆಮೇಲೆ ಓನರ್ ಹತ್ತಿರ ಹೋಗಿ, "ಸಾರ್, ಪಕ್ಕದ ರೂಮಿನವರ ಆಧಾರ್ ನಂಬರ್ ನನಗೆ ಕಾಣ್ತಿದೆ" ಅಂದನಂತೆ. ಓನರ್ ನನಗೆ ಫೋನ್ ಮಾಡಿದರು. "ಏನಪ್ಪಾ ಇದು, ಮರ್ಯಾದೆ ಹೋಯ್ತಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಪ್ಪು ನನ್ನದೇ. ಡೇಟಾಬೇಸ್‌ನಿಂದ ಬಂದ ಇಡೀ ಸಾಲನ್ನು ಹಾಗೇ ಜೇಸನ್ (ಬ್ರೌಸರ್‌ಗೆ ಡೇಟಾ ಕಳಿಸುವ ಪಠ್ಯ ರೂಪ) ಮಾಡಿ ಕಳಿಸಿದ್ದೆ. ಪರದೆಯಲ್ಲಿ ನಾಲ್ಕನ್ನು ಮಾತ್ರ ತೋರಿಸಿದ್ದೆ. ಉಳಿದದ್ದು ಕಾಣುವುದಿಲ್ಲ ಅಷ್ಟೇ, ಆದರೆ ಅಲ್ಲೇ ಇತ್ತು. ಅರೇಯಿಂದ ಬೇಕಾದ ಕೀಗಳನ್ನು ಮಾತ್ರ ತೆಗೆದು ಕಳಿಸಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಆ ಒಂದು ಸಾಲು, ಅದರ ಅಕ್ಕಪಕ್ಕದ ದಾರಿಗಳು, ಕಾಲು ಜಾರುವ ಜಾಗಗಳು, ಎಲ್ಲ ಇಲ್ಲಿವೆ.

ಮೊದಲು ಒಂದು ಮಾತು. ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಇದು ಬರೀ ಶೋಕಿ ಅಲ್ಲ. ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರು, ನೀವೇ ಬರೆದ ಫಂಕ್ಷನ್ ಹೆಸರು, ಅರೇ ಕೀ ಇವೆಲ್ಲ ಕನ್ನಡದಲ್ಲಿದ್ದರೂ ನಿಜವಾಗಿಯೂ ಓಡುತ್ತವೆ. ಫೈಲು ಯುಟಿಎಫ್-8ರಲ್ಲಿ ಸೇವ್ ಆಗಿರಬೇಕು. ಆದರೆ ಪಿಎಚ್‌ಪಿಯದೇ ಆದ ಪದಗಳು (ಅರೇ_ಫ್ಲಿಪ್, ಫಾರ್‌ಈಚ್, ನಲ್ ಇತ್ಯಾದಿ) ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಓದುವಾಗ ಕೇಳಿದ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಬದಲಾಯಿಸಿಕೊಳ್ಳಿ.

ಮೊದಲು ಸಾಮಾನು ಜೋಡಿಸಿಕೊಳ್ಳೋಣ

ಅಸೋಸಿಯೇಟಿವ್ ಅರೇ ಅಂದರೆ ಹೆಸರು ಅಂಟಿಸಿದ ಡಬ್ಬಿಗಳ ಸಾಲು. ಹೆಸರೇ ಕೀ, ಒಳಗಿರುವುದು ವ್ಯಾಲ್ಯೂ. ಪಿಎಚ್‌ಪಿಯಲ್ಲಿ ಈ ಡಬ್ಬಿಗಳಿಗೆ ಕ್ರಮವೂ ಇದೆ. ಯಾವುದನ್ನು ಮೊದಲು ಇಟ್ಟಿರೋ ಅದೇ ಮೊದಲು ನಿಲ್ಲುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

```
$ಬುಕಿಂಗ್ = [
    'ಹೆಸರು'      => 'ಸುಮಾ',
    'ಫೋನ್'       => 'ಗುಟ್ಟು',
    'ಆಧಾರ್'      => 'ಗುಟ್ಟು',
    'ಕೋಣೆ'       => 'ಮುಳ್ಳಯ್ಯನಗಿರಿ',
    'ದರ'         => 4500,
    'ಜನ'         => 4,
    'ಮಕ್ಕಳು'      => 0,
    'ಊಟ'        => 'ನಾನ್‌ವೆಜ್',
    'ಬರುವ_ಸಮಯ'  => '13:30',
    'ಹೊರಡುವ_ದಿನ' => ನಲ್,
];
```

ಕೋಣೆಗಳಿಗೆ ಬೆಟ್ಟದ ಹೆಸರಿಡುವುದು ನಮ್ಮ ಕಡೆ ಮಾಮೂಲು. ಮುಳ್ಳಯ್ಯನಗಿರಿ ಇದೆ, ಕುದುರೆಮುಖ ಇದೆ, ದೇವಿರಮ್ಮ ಇದೆ.

ಒಂದೇ ಕೀ ಬೇಕಾದಾಗ

`$ಬುಕಿಂಗ್['ಕೋಣೆ']` ಅಂದರೆ ಮುಗಿಯಿತು. ಕೀ ಇಲ್ಲದಿದ್ದರೆ? ಪಿಎಚ್‌ಪಿ 8ರಿಂದ ಈಚೆಗೆ ವಾರ್ನಿಂಗ್ ಬರುತ್ತದೆ, ಹಿಂದೆ ಬರೀ ನೋಟಿಸ್ ಬರುತ್ತಿತ್ತು. ಎರಡರಲ್ಲೂ ಕೈಗೆ ಸಿಗುವುದು ನಲ್, ಅಂದರೆ 'ಏನೂ ಇಲ್ಲ'. ಅದಕ್ಕೆ 7.0ರಲ್ಲಿ ಬಂದ ಎರಡು ಪ್ರಶ್ನೆ ಚಿಹ್ನೆ ಬಳಸಿ:

```
$ಊಟ = $ಬುಕಿಂಗ್['ಊಟ'] ?? 'ವೆಜ್';
```

ಕೀ ಇದೆಯೋ ಇಲ್ಲವೋ ಎಂದು ನೋಡಲು ಎರಡು ದಾರಿ: ಇಸ್‌ಸೆಟ್, ಅರೇ_ಕೀ_ಎಕ್ಸಿಸ್ಟ್ಸ್. ಎರಡೂ ಒಂದೇ ಅಂದುಕೊಳ್ಳಬೇಡಿ. ಮೇಲಿನ ಬುಕಿಂಗ್‌ನಲ್ಲಿ ಹೊರಡುವ ದಿನ ಇನ್ನೂ ಗೊತ್ತಿಲ್ಲ, ಅದಕ್ಕೆ ನಲ್ ಇದೆ. ಇಸ್‌ಸೆಟ್ ಇದನ್ನು 'ಇಲ್ಲ' ಎನ್ನುತ್ತದೆ. ಅರೇ_ಕೀ_ಎಕ್ಸಿಸ್ಟ್ಸ್ 'ಇದೆ' ಎನ್ನುತ್ತದೆ. ಡಬ್ಬಿ ಖಾಲಿ ಇರುವುದು ಬೇರೆ, ಡಬ್ಬಿಯೇ ಇಲ್ಲದಿರುವುದು ಬೇರೆ ಅಲ್ವಾ? ಎರಡು ಪ್ರಶ್ನೆ ಚಿಹ್ನೆಯೂ ಇಸ್‌ಸೆಟ್ ಪಕ್ಷದ್ದೇ.

ಹಲವು ಕೀಗಳು ಬೇಕಾದಾಗ: ನನ್ನನ್ನು ಉಳಿಸಬೇಕಿದ್ದ ಸಾಲು

ಹಂತ ಒಂದು. ಬೇಕಾದ ಕೀಗಳ ಪಟ್ಟಿ ಬರೆಯಿರಿ.

```
$ಅಡುಗೆಗೆ = ['ಕೋಣೆ', 'ಊಟ', 'ಜನ', 'ಬರುವ_ಸಮಯ'];
```

ಹಂತ ಎರಡು. ಆ ಪಟ್ಟಿಯನ್ನು ತಿರುಗಿಸಿ, ಮೂಲ ಅರೇಯ ಜೊತೆ ಹೋಲಿಸಿ.

```
$ಚೀಟಿ = ಅರೇ_ಇಂಟರ್‌ಸೆಕ್ಟ್_ಕೀ($ಬುಕಿಂಗ್, ಅರೇ_ಫ್ಲಿಪ್($ಅಡುಗೆಗೆ));
```

ಹೀಗೆ ಬರುತ್ತದೆ:

```
[
    'ಕೋಣೆ'      => 'ಮುಳ್ಳಯ್ಯನಗಿರಿ',
    'ಜನ'        => 4,
    'ಊಟ'       => 'ನಾನ್‌ವೆಜ್',
    'ಬರುವ_ಸಮಯ' => '13:30',
]
```

ಒಳಗೆ ಏನಾಯಿತು ನೋಡಿ. `$ಅಡುಗೆಗೆ` ಪಟ್ಟಿಯಲ್ಲಿ ಕೀಗಳು 0, 1, 2, 3. ನಮಗೆ ಬೇಕಾದ ಹೆಸರುಗಳು ವ್ಯಾಲ್ಯೂ ಜಾಗದಲ್ಲಿವೆ. ಅರೇ_ಫ್ಲಿಪ್ ಎರಡನ್ನೂ ಅದಲುಬದಲು ಮಾಡುತ್ತದೆ. ಈಗ 'ಕೋಣೆ' ಕೀ ಆಯಿತು, 0 ವ್ಯಾಲ್ಯೂ ಆಯಿತು. ಅರೇ_ಇಂಟರ್‌ಸೆಕ್ಟ್_ಕೀ ಎರಡೂ ಅರೇಗಳಲ್ಲಿ ಇರುವ ಕೀಗಳನ್ನು ಮಾತ್ರ ಉಳಿಸುತ್ತದೆ. ವ್ಯಾಲ್ಯೂವನ್ನು ಮೊದಲ ಅರೇಯಿಂದ ತೆಗೆದುಕೊಳ್ಳುತ್ತದೆ. ಎರಡನೆಯದರ 0, 1, 2 ಯಾರಿಗೂ ಬೇಡ.

ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಅಂದರೆ ಅರೇ_ಫ್ಲಿಪ್ ಮರೆಯುವುದು. ಆಗ 'ಕೋಣೆ'ಯನ್ನು 0 ಜೊತೆ, 1 ಜೊತೆ ಹೋಲಿಸಿದಂತಾಗುತ್ತದೆ. ಒಂದೂ ಹೊಂದುವುದಿಲ್ಲ, ಖಾಲಿ ಅರೇ ಬರುತ್ತದೆ. ವಾರ್ನಿಂಗ್ ಕೂಡ ಇಲ್ಲ. ಖಾಲಿ ಬಂತು ಅಂದರೆ ಮೊದಲು ಇದನ್ನೇ ನೋಡಿ.

ಲಾರಾವೆಲ್ (ಪಿಎಚ್‌ಪಿಯ ಒಂದು ಫ್ರೇಮ್‌ವರ್ಕ್) ಬಳಸುವವರಿಗೆ ಇದು ಎಆರ್‌ಆರ್ ಕ್ಲಾಸಿನ 'ಒನ್ಲಿ' ಹೆಸರಿನಲ್ಲಿ ಸಿಗುತ್ತದೆ. ಅದರ ಒಳಗಿರುವುದೂ ಇದೇ ಎರಡು ಫಂಕ್ಷನ್.

ಕ್ರಮ ನಮ್ಮದಾಗಬೇಕು, ಇಲ್ಲದ ಕೀ ಕೂಡ ಕಾಣಬೇಕು

ಮೇಲಿನ ಉತ್ತರವನ್ನು ಇನ್ನೊಮ್ಮೆ ನೋಡಿ. ನಾನು 'ಕೋಣೆ, ಊಟ, ಜನ' ಎಂದು ಕೇಳಿದೆ. ಬಂದದ್ದು 'ಕೋಣೆ, ಜನ, ಊಟ'. ಮೊದಲ ಅರೇಯಲ್ಲಿ ಇದ್ದ ಕ್ರಮವೇ ಉಳಿಯುತ್ತದೆ, ನಮ್ಮ ಪಟ್ಟಿಯ ಕ್ರಮ ಅಲ್ಲ. ಜೇಸನ್‌ಗೆ ಇದರಿಂದ ತೊಂದರೆ ಇಲ್ಲ. ಆದರೆ ಟೇಬಲ್ ಬರೆಯುವಾಗ, ಎಕ್ಸೆಲ್‌ಗೆ ಕೊಡುವಾಗ ಕಾಲಮ್‌ಗಳು ಅಡ್ಡಾದಿಡ್ಡಿಯಾಗುತ್ತವೆ.

ಇನ್ನೊಂದು ವಿಷಯ. ಕೇಳಿದ ಕೀ ಮೂಲದಲ್ಲಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎರಡಕ್ಕೂ ಒಂದೇ ಮದ್ದು:

```
$ಚೀಟಿ = ಅರೇ_ರಿಪ್ಲೇಸ್(
    ಅರೇ_ಫಿಲ್_ಕೀಸ್($ಅಡುಗೆಗೆ, ನಲ್),
    ಅರೇ_ಇಂಟರ್‌ಸೆಕ್ಟ್_ಕೀ($ಬುಕಿಂಗ್, ಅರೇ_ಫ್ಲಿಪ್($ಅಡುಗೆಗೆ))
);
```

ಅರೇ_ಫಿಲ್_ಕೀಸ್ ನಮ್ಮ ಕ್ರಮದಲ್ಲೇ ಖಾಲಿ ಡಬ್ಬಿಗಳನ್ನು ಜೋಡಿಸುತ್ತದೆ. ಅರೇ_ರಿಪ್ಲೇಸ್ ಅದರೊಳಗೆ ಸಿಕ್ಕಿದ್ದನ್ನು ತುಂಬುತ್ತದೆ. ಸಿಗದಿದ್ದ ಕಡೆ ನಲ್ ಉಳಿಯುತ್ತದೆ.

ಚುಟುಕಾಗಿದೆ ನಿಜ. ಆದರೆ ಆರು ತಿಂಗಳ ನಂತರ ಓದಿದರೆ ನನಗೇ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ನಲ್ ತುಂಬುವುದು ಬೇಡ, ಕ್ರಮ ಮಾತ್ರ ಸರಿ ಇದ್ದರೆ ಸಾಕು ಅನ್ನುವ ಕಡೆ ನಾನು ಸುಮ್ನೆ ಒಂದು ಫಂಕ್ಷನ್ ಬರೆದಿಡುತ್ತೇನೆ:

```
ಫಂಕ್ಷನ್ ಆರಿಸು(ಅರೇ $ಮೂಲ, ಅರೇ $ಬೇಕು): ಅರೇ {
    $ಸಿಕ್ಕಿದ್ದು = [];
    ಫಾರ್‌ಈಚ್ ($ಬೇಕು ಆಸ್ $ಕೀ) {
        ಇಫ್ (ಅರೇ_ಕೀ_ಎಕ್ಸಿಸ್ಟ್ಸ್($ಕೀ, $ಮೂಲ)) {
            $ಸಿಕ್ಕಿದ್ದು[$ಕೀ] = $ಮೂಲ[$ಕೀ];
        }
    }
    ರಿಟರ್ನ್ $ಸಿಕ್ಕಿದ್ದು;
}
```

ಓದಿದ ತಕ್ಷಣ ಅರ್ಥವಾಗುತ್ತದೆ. ಇಲ್ಲದ ಕೀ ಬಂದರೆ ಎರರ್ ಎಸೆಯಬೇಕು ಅನ್ನಿಸಿದರೆ ಒಂದು ಎಲ್ಸ್ ಸೇರಿಸಿದರೆ ಆಯಿತು.

ಒಂದಲ್ಲ, ಇಡೀ ದಿನದ ಬುಕಿಂಗ್

ಡೇಟಾಬೇಸ್‌ನಿಂದ ಬರುವುದು ಸಾಮಾನ್ಯವಾಗಿ ಹಲವು ಸಾಲುಗಳು. ಪ್ರತಿ ಸಾಲಿಗೂ ಅದೇ ಕೆಲಸ:

```
$ಚೀಟಿಗಳು = ಅರೇ_ಮ್ಯಾಪ್(
    ಎಫ್‌ಎನ್($ಸಾಲು) => ಆರಿಸು($ಸಾಲು, $ಅಡುಗೆಗೆ),
    $ಬುಕಿಂಗ್‌ಗಳು
);
```

ಎಫ್‌ಎನ್ ಬಂದಿದ್ದು 7.4ರಲ್ಲಿ. ಅದು ಹೊರಗಿನ `$ಅಡುಗೆಗೆ`ಯನ್ನು ತಾನೇ ನೋಡಿಕೊಳ್ಳುತ್ತದೆ. ಹಳೇ ರೀತಿಯ ಫಂಕ್ಷನ್ ಆದರೆ 'ಯೂಸ್' ಹಾಕಿ ಒಳಗೆ ಕರೆದುಕೊಳ್ಳಬೇಕು.

ಪ್ರತಿ ಸಾಲಿನಿಂದ ಒಂದೇ ಒಂದು ಕೀ ಸಾಕಾದರೆ ಅರೇ_ಕಾಲಮ್ ಇದೆ. ಇವತ್ತು ಒಟ್ಟು ಎಷ್ಟು ಜನಕ್ಕೆ ಅನ್ನ ಇಡಬೇಕು?

```
$ಒಟ್ಟು = ಅರೇ_ಸಮ್(ಅರೇ_ಕಾಲಮ್($ಬುಕಿಂಗ್‌ಗಳು, 'ಜನ'));
```

ಮೂರನೆಯ ಜಾಗದಲ್ಲಿ ಇನ್ನೊಂದು ಹೆಸರು ಕೊಟ್ಟರೆ ಅದೇ ಕೀ ಆಗುತ್ತದೆ. `ಅರೇ_ಕಾಲಮ್($ಬುಕಿಂಗ್‌ಗಳು, 'ಜನ', 'ಕೋಣೆ')` ಎಂದರೆ ಕೋಣೆ ಹೆಸರಿನ ಮುಂದೆ ಜನರ ಸಂಖ್ಯೆ ಬರುತ್ತದೆ. ತುಂಬಾ ಅನುಕೂಲ, ಆದರೆ ಒಂದು ಎಚ್ಚರ. ಬೆಳಿಗ್ಗೆ ಖಾಲಿಯಾದ ಕುದುರೆಮುಖ ಕೋಣೆಗೆ ಮಧ್ಯಾಹ್ನ ಇನ್ನೊಂದು ಪಾರ್ಟಿ ಬಂದರೆ ಒಂದೇ ಕೀ ಎರಡು ಸಲ ಬಂತು. ಕೊನೆಯದು ಮಾತ್ರ ಉಳಿಯುತ್ತದೆ. ತಿಂಡಿಗೆ ರೊಟ್ಟಿ ಕಮ್ಮಿ ಬೀಳುವುದು ಹೀಗೇ.

ಬೇಡದ್ದನ್ನು ತೆಗೆಯುವುದು, ಮತ್ತು ಅದನ್ನು ನಾನು ಯಾಕೆ ನಂಬುವುದಿಲ್ಲ

ತಿರುಗಾಮುರುಗಾ ದಾರಿಯೂ ಇದೆ:

```
$ಉಳಿದದ್ದು = ಅರೇ_ಡಿಫ್_ಕೀ($ಬುಕಿಂಗ್, ಅರೇ_ಫ್ಲಿಪ್(['ಫೋನ್', 'ಆಧಾರ್']));
```

ಈ ಎರಡು ಕೀ ಬಿಟ್ಟು ಉಳಿದೆಲ್ಲ ಬರುತ್ತದೆ. ಲಾರಾವೆಲ್‌ನಲ್ಲಿ ಇದೇ 'ಎಕ್ಸೆಪ್ಟ್'. ಹುಡುಗ ತೋರಿಸಿಕೊಟ್ಟ ಆ ರಾತ್ರಿ ನಾನು ಗಡಿಬಿಡಿಯಲ್ಲಿ ಹಾಕಿದ ತೇಪೆಯೂ ಇದೇ. ಕೆಲಸ ಮಾಡಿತು. ಎರಡು ತಿಂಗಳಾದ ಮೇಲೆ ಓನರ್, "ಗಾಡಿ ನಂಬರ್ ಕೂಡ ಬರೆದಿಟ್ಕೋಬೇಕು ಕಣಪ್ಪ" ಅಂದರು. ಟೇಬಲ್‌ಗೆ ಒಂದು ಕಾಲಮ್ ಸೇರಿಸಿದೆ. ಗಾಡಿ ನಂಬರ್ ನೆಟ್ಟಗೆ ಅಡುಗೆಮನೆಯ ಜೇಸನ್‌ಗೆ ಹೋಗಿ ಕೂತಿತು. ಬೇಡದವರ ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲವಲ್ಲ.

ಅರೇಬಿಕಾ ತೋಟದಲ್ಲಿ ಹಣ್ಣು ಕುಯ್ಯುವವರು ಕೆಂಪಗೆ ಹಣ್ಣಾದದ್ದನ್ನೇ ನೋಡಿ ಕುಯ್ಯುತ್ತಾರೆ. ಇಡೀ ಗಿಡ ಬಾಚಿ ಕುಯ್ದು ಆಮೇಲೆ ಕಾಯಿ ಬೇರೆ ಮಾಡುವುದಿಲ್ಲ. ಹೊರಗೆ ಹೋಗುವ ಡೇಟಾಗೂ ಈಗ ನಾನು ಇದನ್ನೇ ಮಾಡುತ್ತೇನೆ. ಅರೇ_ಡಿಫ್_ಕೀ ಏನಿದ್ದರೂ ಒಳಗಿನ ಕೆಲಸಕ್ಕೆ, ಲಾಗ್ ಬರೆಯುವಾಗ ದೊಡ್ಡ ಫೀಲ್ಡ್ ಒಂದನ್ನು ಬಿಡುವುದಕ್ಕೆ, ಅಷ್ಟೇ.

ಒಳಗೆ ಬರುವ ಡೇಟಾಗೂ ಹೀಗೇ. ಫಾರ್ಮ್‌ನಿಂದ ಬಂದ `$_ಪೋಸ್ಟ್` ಅರೇಯನ್ನು ಇಡಿಯಾಗಿ ಡೇಟಾಬೇಸ್‌ಗೆ ತುಂಬಿದರೆ, ಯಾರಾದರೂ 'ದರ' ಅನ್ನುವ ಫೀಲ್ಡನ್ನು ತಾವೇ ಸೇರಿಸಿ 1 ರೂಪಾಯಿ ಎಂದು ಕಳಿಸಬಹುದು. ಗಿರಾಕಿ ತುಂಬಬೇಕಾದ ಕೀಗಳನ್ನು ಮಾತ್ರ `ಆರಿಸು` ಮಾಡಿ. ದರ ನಮ್ಮ ಕಡೆಯಿಂದಲೇ ಬರಲಿ.

ಹಾಗೆ ನೋಡಿದರೆ ಇನ್ನೂ ಒಳ್ಳೆಯ ಜಾಗ ಡೇಟಾಬೇಸ್‌ಗೆ ಕೇಳುವ ಕ್ವೆರಿಯೇ. ಸೆಲೆಕ್ಟ್ ಬರೆಯುವಾಗ ನಕ್ಷತ್ರ ಹಾಕುವ ಬದಲು ನಾಲ್ಕು ಕಾಲಮ್ ಹೆಸರು ಬರೆದರೆ ಆಧಾರ್ ನಂಬರ್ ಪಿಎಚ್‌ಪಿಯವರೆಗೂ ಬರುವುದಿಲ್ಲ.

ಕೀ ಹೀಗೆ ಶುರುವಾದರೆ ಮಾತ್ರ ಬೇಕು

ಕೀಗಳ ಪೂರ್ತಿ ಹೆಸರು ಗೊತ್ತಿಲ್ಲ, ಒಂದು ನಮೂನೆ ಗೊತ್ತಿದೆ ಎಂದಿಟ್ಟುಕೊಳ್ಳಿ. 'ಜೀಪ್_' ಎಂದು ಶುರುವಾಗುವ ಸೆಟ್ಟಿಂಗ್‌ಗಳೆಲ್ಲ ಬೇಕು.

```
$ಜೀಪ್ = ಅರೇ_ಫಿಲ್ಟರ್(
    $ಸೆಟ್ಟಿಂಗ್,
    ಎಫ್‌ಎನ್($ಕೀ) => ಸ್ಟ್ರ್_ಸ್ಟಾರ್ಟ್ಸ್_ವಿತ್($ಕೀ, 'ಜೀಪ್_'),
    ಅರೇ_ಫಿಲ್ಟರ್_ಯೂಸ್_ಕೀ
);
```

ಕೊನೆಯ ಆ ಫ್ಲ್ಯಾಗ್ 5.6ರಿಂದ ಇದೆ. ಸ್ಟ್ರ್_ಸ್ಟಾರ್ಟ್ಸ್_ವಿತ್ 8.0ರಿಂದ. ಫ್ಲ್ಯಾಗ್ ಮರೆತರೆ ಫಂಕ್ಷನ್‌ಗೆ ಕೀ ಬದಲು ವ್ಯಾಲ್ಯೂ ಹೋಗುತ್ತದೆ. ಇನ್ನು ಫಂಕ್ಷನ್ ಕೊಡದೆ ಬರೀ `ಅರೇ_ಫಿಲ್ಟರ್($ಬುಕಿಂಗ್)` ಅಂದರೆ ಖಾಲಿ ಅನ್ನಿಸಿದ್ದೆಲ್ಲ ಹೋಗುತ್ತದೆ. ಪಿಎಚ್‌ಪಿ ಲೆಕ್ಕದಲ್ಲಿ 0 ಕೂಡ ಖಾಲಿಯೇ. ನಮ್ಮ ಅರೇಯ 'ಮಕ್ಕಳು' ಅಲ್ಲಿಗೆ ಮಾಯ.

ಅಂಕಿಯಂತೆ ಕಾಣುವ ಕೀಗಳು

ಇಲ್ಲಿ ಸ್ವಲ್ಪ ನಿಧಾನಕ್ಕೆ ಬನ್ನಿ. ನಾನು ಜಾಸ್ತಿ ಹೊತ್ತು ಕಳೆದುಕೊಂಡಿದ್ದು ಇಲ್ಲೇ. ಗಾಡಿ ನಂಬರ್ ನೋಡಿ ಊರು ಹೇಳಲು ಹೀಗೊಂದು ಅರೇ ಮಾಡಿದ್ದೆ:

```
$ಆರ್‌ಟಿಒ = [13 => 'ಹಾಸನ', 18 => 'ಚಿಕ್ಕಮಗಳೂರು', 46 => 'ಸಕಲೇಶಪುರ'];
```

ಹಾಸನ ಬಿಟ್ಟು ಉಳಿದದ್ದು ಬೇಕು ಎಂದು `ಅರೇ_ಸ್ಲೈಸ್($ಆರ್‌ಟಿಒ, 1)` ಬರೆದೆ. ಚಿಕ್ಕಮಗಳೂರಿಗೆ 0, ಸಕಲೇಶಪುರಕ್ಕೆ 1 ಬಂತು. ಅರೇ_ಸ್ಲೈಸ್ ಕೀ ನೋಡಿ ಕತ್ತರಿಸುವುದಿಲ್ಲ, ಜಾಗ ನೋಡಿ ಕತ್ತರಿಸುತ್ತದೆ. ಕೀ ಅಂಕಿಯಾಗಿದ್ದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಅಕ್ಷರದ ಕೀಗಳನ್ನು ಮಾತ್ರ ಮುಟ್ಟುವುದಿಲ್ಲ. ಅಂಕಿ ಉಳಿಯಬೇಕಾದರೆ ನಾಲ್ಕನೆಯ ಜಾಗದಲ್ಲಿ ಟ್ರೂ ಕೊಡಿ: `ಅರೇ_ಸ್ಲೈಸ್($ಆರ್‌ಟಿಒ, 1, ನಲ್, ಟ್ರೂ)`. ಅರೇ_ಮರ್ಜ್‌ಗೂ ಇದೇ ಚಟ ಇದೆ. ಎರಡು ಅರೇ ಸೇರಿಸುವಾಗ ಅಂಕಿ ಕೀ ಕೆಡಬಾರದು ಎಂದರೆ ಅರೇ_ರಿಪ್ಲೇಸ್ ಅಥವಾ ಕೂಡುವ ಚಿಹ್ನೆ ಬಳಸಿ. ಒಂದೇ ಕೀ ಎರಡರಲ್ಲೂ ಇದ್ದರೆ ಅರೇ_ರಿಪ್ಲೇಸ್‌ನಲ್ಲಿ ಎರಡನೆಯದು ಗೆಲ್ಲುತ್ತದೆ, ಕೂಡುವ ಚಿಹ್ನೆಯಲ್ಲಿ ಮೊದಲನೆಯದು.

ಇನ್ನೊಂದು ಆಟ ನೋಡಿ. ಪಿನ್‌ಕೋಡ್ '573201' ಎಂದು ಕೋಟ್ ಹಾಕಿ ಕೀ ಕೊಟ್ಟರೂ ಪಿಎಚ್‌ಪಿ ಅದನ್ನು ಅಂಕಿಯಾಗಿ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಹಾಸನದ ಎಸ್‌ಟಿಡಿ ಕೋಡ್ '08172' ಮಾತ್ರ ಅಕ್ಷರವಾಗಿಯೇ ಉಳಿಯುತ್ತದೆ, ಮುಂದೆ ಸೊನ್ನೆ ಇದೆಯಲ್ಲ. ಕೀ ಕೊಟ್ಟು ತೆಗೆಯುವಾಗ ಇದು ಗೊತ್ತೇ ಆಗುವುದಿಲ್ಲ, `$ಊರು['573201']` ಸರಿಯಾಗಿಯೇ ಸಿಗುತ್ತದೆ. ಫಾರ್‌ಈಚ್‌ನಲ್ಲಿ `$ಕೀ === '573201'` ಎಂದು ನೋಡಿದರೆ ಮಾತ್ರ ಎಂದೂ ಹೊಂದುವುದಿಲ್ಲ. ಸ್ಟ್ರಿಕ್ಟ್ ಟೈಪ್ಸ್ (ಅಂಕಿ, ಅಕ್ಷರ ಬೆರೆಸಲು ಬಿಡದ ಸೆಟ್ಟಿಂಗ್) ಹಾಕಿದ ಫೈಲಿನಲ್ಲಾದರೆ ಮೇಲಿನ ಸ್ಟ್ರ್_ಸ್ಟಾರ್ಟ್ಸ್_ವಿತ್ ಅಂಕಿ ಕೀ ಕಂಡ ತಕ್ಷಣ ಟೈಪ್‌ಎರರ್ ಎಸೆಯುತ್ತದೆ. ಅಲ್ಲಿ ಕೀಯನ್ನು ಸ್ಟ್ರಿಂಗ್ ಮಾಡಿಯೇ ಕೊಡಿ.

ನೇರವಾಗಿ ವೇರಿಯಬಲ್‌ಗೆ

7.1ರಿಂದ ಹೀಗೆ ಬರೆಯಬಹುದು:

```
['ಕೋಣೆ' => $ಕೋಣೆ, 'ಜನ' => $ಜನ] = $ಬುಕಿಂಗ್;
```

ಎರಡು ಮೂರು ಕೀಗಳಿಗೆ ಚೆನ್ನ. ಕೀ ಇಲ್ಲದಿದ್ದರೆ ವಾರ್ನಿಂಗ್ ಬರುತ್ತದೆ. ಎಕ್ಸ್‌ಟ್ರಾಕ್ಟ್ ಎಂಬ ಫಂಕ್ಷನ್ ಇಡೀ ಅರೇಯನ್ನೇ ವೇರಿಯಬಲ್‌ಗಳಾಗಿ ಸುರಿಯುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ನೀವು ಆಗಲೇ ಬರೆದಿದ್ದ ವೇರಿಯಬಲ್ ಮೇಲೆಯೇ ಬರೆದುಬಿಡುತ್ತದೆ. ಹೊರಗಿನಿಂದ ಬಂದ ಅರೇಗಂತೂ ಬೇಡವೇ ಬೇಡ.

ಕೀ ಕನ್ನಡದಲ್ಲಿದ್ದರೆ

ಕಣ್ಣಿಗೆ ಒಂದೇ, ಬೈಟ್‌ಗಳಲ್ಲಿ ಬೇರೆ. ಕನ್ನಡ ಕೀಗಳ ದೊಡ್ಡ ತಲೆನೋವು ಇದು. 'ಕೋಣೆ' ಎಂಬುದನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. 'ಕೋ'ದ ಓ ಸ್ವರ ಒಂದೇ ಚಿಹ್ನೆಯಾಗಿರಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡಾಗಿರಬಹುದು. ಬೈಟ್ ಎಣಿಸುವ ಸ್ಟ್ರ್‌ಲೆನ್ ಮೊದಲನೆಯದಕ್ಕೆ 12 ಎನ್ನುತ್ತದೆ, ಎರಡನೆಯದಕ್ಕೆ 18. ಪರದೆಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಪಿಎಚ್‌ಪಿಗೆ ಮಾತ್ರ ಎರಡು ಬೇರೆ ಕೀ. ಇಂಟ್ಲ್ ಎಕ್ಸ್‌ಟೆನ್ಷನ್ ಇದ್ದರೆ ನಾರ್ಮಲೈಸರ್ ಕ್ಲಾಸಿನ ನಾರ್ಮಲೈಸ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಕೀಗಳು ಒಳಗೆ ಬರುವ ಬಾಗಿಲಲ್ಲೇ ಮಾಡಿಬಿಡಿ.

ಅದು ಸರಿಮಾಡದ ಇನ್ನೊಂದಿದೆ. 'ಫೋನ್' ಕೊನೆಯಲ್ಲಿ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ. 12 ಇರಬೇಕಾದ ಬೈಟ್ 15 ಆಗುತ್ತದೆ. ಹಿಂದೆ ಮುಂದಿನ ಸ್ಪೇಸ್ ತೆಗೆಯುವ ಟ್ರಿಮ್ ಅದನ್ನು ತೆಗೆಯುವುದಿಲ್ಲ. ಆರ್‌ಟ್ರಿಮ್‌ಗೆ ಆ ಅಕ್ಷರ ಕೊಟ್ಟು ತೆಗೆಸಲೂ ಹೋಗಬೇಡಿ. ಅದು ಬೈಟ್ ಬೈಟಾಗಿ ಕಿತ್ತುಹಾಕುತ್ತದೆ. ಗುಡಿಸಿನ ದೀರ್ಘದಲ್ಲೋ ಔತ್ವದಲ್ಲೋ ಮುಗಿಯುವ ಪದ ಸಿಕ್ಕರೆ ಅದರ ಕೊನೆಯ ಬೈಟೂ ಹೋಗುತ್ತದೆ. ಯೂನಿಕೋಡ್ ಫ್ಲ್ಯಾಗ್ ಹಾಕಿದ ಪ್ರೆಗ್_ರಿಪ್ಲೇಸ್ ಸರಿಯಾದ ದಾರಿ.

ಫಾರ್ಮ್ ಫೀಲ್ಡ್‌ಗೆ 'ಬರುವ ಸಮಯ' ಎಂದು ಸ್ಪೇಸ್ ಇಟ್ಟು ಹೆಸರು ಕೊಟ್ಟರೆ `$_ಪೋಸ್ಟ್` ಒಳಗೆ ಅದು 'ಬರುವ_ಸಮಯ' ಆಗಿ ಬರುತ್ತದೆ. ಸ್ಪೇಸ್, ಚುಕ್ಕಿ ಎರಡನ್ನೂ ಪಿಎಚ್‌ಪಿ ಅಂಡರ್‌ಸ್ಕೋರ್ ಮಾಡುತ್ತದೆ. ಅದಕ್ಕೇ ನಾನು ಮೊದಲಿನಿಂದ ಅಂಡರ್‌ಸ್ಕೋರ್ ಹಾಕಿಕೊಂಡು ಬಂದಿದ್ದು.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳುತ್ತೇನೆ: ಗಿರಾಕಿಗೆ ಮಾಡಿಕೊಡುವ ಕೆಲಸದಲ್ಲಿ ಕೀಗಳನ್ನು ನಾನು ಇಂಗ್ಲಿಷ್‌ನಲ್ಲೇ ಇಡುತ್ತೇನೆ, ಕನ್ನಡ ಏನಿದ್ದರೂ ಪರದೆಯ ಮೇಲೆ. ಆದರೆ ಎಕ್ಸೆಲ್ ಫೈಲು ಬಂದರೆ ತಪ್ಪಿಸಿಕೊಳ್ಳುವಂತಿಲ್ಲ. ಅದೇ ಓನರ್ ಹಳೇ ವರ್ಷಗಳ ಬುಕಿಂಗನ್ನು ಸಿಎಸ್‌ವಿ ಮಾಡಿ ಕಳಿಸಿದರು, ತಲೆಬರಹ ಎಲ್ಲ ಕನ್ನಡದಲ್ಲಿ. ತಲೆಬರಹವೇ ಕೀ ಆಗುವಂತೆ ಪ್ರತಿ ಸಾಲಿಗೂ ಅರೇ_ಕಂಬೈನ್ ಮಾಡಿ `ಆರಿಸು` ಓಡಿಸಿದೆ. ಕೋಣೆ ಬಂತು, ಊಟ ಬಂತು, 'ಹೆಸರು' ಮಾತ್ರ ಬರಲಿಲ್ಲ. ಪ್ರಿಂಟ್ ಮಾಡಿದರೆ 'ಹೆಸರು' ಅಲ್ಲೇ ಕೂತಿದೆ! ಕೊನೆಗೆ ಸ್ಟ್ರ್‌ಲೆನ್ ಹಾಕಿ ನೋಡಿದೆ. 15 ಬರಬೇಕಾದಲ್ಲಿ 18 ಬಂತು. ಎಕ್ಸೆಲ್ ಯುಟಿಎಫ್-8 ಸಿಎಸ್‌ವಿ ಉಳಿಸುವಾಗ ಫೈಲಿನ ತಲೆಯಲ್ಲಿ ಮೂರು ಬೈಟಿನ ಬಿಒಎಂ ಗುರುತು ಹಾಕುತ್ತದೆ. ಅದು ಮೊದಲ ಕೀಗೆ ಅಂಟಿಕೊಂಡಿತ್ತು. ಮೊದಲ ಸಾಲು ಓದುವ ಮುಂಚೆ ಆ ಮೂರು ಬೈಟ್ ಇದೆಯಾ ಎಂದು ನೋಡಿ, ಇದ್ದರೆ ದಾಟಿಸಿದೆ. 'ಹೆಸರು' ಬಂತು. ಕೀ ಕಣ್ಣೆದುರೇ ಇದ್ದು ಕೈಗೆ ಸಿಗದಿದ್ದರೆ ಈಗ ನಾನು ಮೊದಲು ಅರೇ_ಕೀಸ್ ತೆಗೆದು ಒಂದೊಂದನ್ನೂ ಬೈಟ್‌ಗಳನ್ನು ಬಿಡಿಸಿ ತೋರಿಸುವ ಬಿನ್‌2ಹೆಕ್ಸ್‌ಗೆ ಹಾಕಿ ನೋಡುತ್ತೇನೆ.